ಅಂಗಡಿಯ ಹೊತ್ತು, ಬೀದಿಯ ಜಾಗ

ಊರ ಬೀದಿಯ ಅಂಗಡಿಯೊಂದು ಇರುಳು ಎಷ್ಟು ಹೊತ್ತಿನವರೆಗೆ ಬಾಗಿಲು ತೆರೆದಿರಬಹುದು, ಅಲ್ಲಿಗೆ ಬರುವ ಗಿರಾಕಿಯ ವಾಹನ ಎಲ್ಲಿ ನಿಲ್ಲಬಹುದು ಎಂಬ ಎರಡು ಪ್ರಶ್ನೆಗಳು ಮೇಲ್ನೋಟಕ್ಕೆ ಅಲ್ಪವಾಗಿ ತೋರಿದರೂ, ಸಾಲುರಜೆಯ ದಿನವೊಂದರ ಸಂಜೆ ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದಿಂದ ರಾಜಾಸೀಟಿನ ಕಡೆಗೆ ವಾಹನಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ತೆವಳುವುದನ್ನು ಕಂಡವರು ಅವನ್ನು ಅಲ್ಪವೆಂದು ಕರೆಯಲಾರರು. ವರ್ತಕನ ಜೀವನೋಪಾಯ, ನೌಕರನ ವಿಶ್ರಾಂತಿ, ಬೀದಿಯ ಮನೆಗಳವರ ನಿದ್ರೆ, ಪ್ರವಾಸಿಯ ಸೌಕರ್ಯ, ಜಿಲ್ಲಾಸ್ಪತ್ರೆಗೆ ಧಾವಿಸುವ ಆಂಬುಲೆನ್ಸಿನ ದಾರಿ, ಇವೆಲ್ಲವೂ ಆ ಪ್ರಶ್ನೆಗಳ ಉತ್ತರವನ್ನು ಅವಲಂಬಿಸಿಕೊಂಡಿವೆ. ಈ ಉತ್ತರಗಳನ್ನು ನಮ್ಮಲ್ಲಿ ಯಾರು ಕೊಡುವರು, ಯಾವ ಅಧಿಕಾರದಿಂದ ಕೊಡುವರು ಎಂಬುದನ್ನು ಸಾಮಾನ್ಯ ನಾಗರಿಕನು ತಿಳಿದಿರುವುದು ಅವಶ್ಯಕವೆಂದು ನಾನು ಭಾವಿಸುತ್ತೇನೆ.

ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ಸ್ಥಾಪಿಸಿದ ಮಡಿಕೇರಿ ನಗರವು ಬೆಟ್ಟದ ಏಣುಗಳ ಮೇಲೆ, ಇಳಿಜಾರುಗಳ ಮಗ್ಗುಲಲ್ಲಿ, ಕುದುರೆ ಮತ್ತು ಎತ್ತಿನ ಗಾಡಿಗಳ ಕಾಲಕ್ಕೆ ತಕ್ಕಂತೆ ಬೆಳೆದುದು. 1834ರಲ್ಲಿ ರಾಜರ ಆಳ್ವಿಕೆ ಮುಗಿದು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಬಂದಿತು. ಕಾಫಿ ಬಂದಿತು, ಮೋಟಾರು ಬಂದಿತು. ಈಚಿನ ದಶಕಗಳಲ್ಲಿ ಪ್ರವಾಸಿಗಳ ಪ್ರವಾಹವೂ ಬಂದಿತು. ಮಹದೇವಪೇಟೆಯಾಗಲಿ, ಕಾಲೇಜು ರಸ್ತೆಯಾಗಲಿ, ಗಣಪತಿ ಬೀದಿಯಾಗಲಿ ಅದಕ್ಕೆ ತಕ್ಕಷ್ಟು ಅಗಲವಾಗಲಿಲ್ಲ, ಆಗುವುದು ಸಾಧ್ಯವೂ ಇರಲಿಲ್ಲ. 2011ರ ಜನಗಣತಿಯಂತೆ ಇಲ್ಲಿಯ ನಿವಾಸಿಗಳು 33,381 ಮಂದಿ. ರಜೆಯ ದಿನಗಳಲ್ಲಿ ಈ ಜನಸಂಖ್ಯೆಯ ಊರು ತನ್ನದಲ್ಲದ ಒಂದು ದೊಡ್ಡ ಊರನ್ನೇ ಹೊರಬೇಕಾಗಿ ಬರುತ್ತದೆ. ಆ ಸಂಜೆಗಳಲ್ಲಿ ಏಲಕ್ಕಿ, ಕರಿಮೆಣಸು, ಜೇನು, ಕಾಫಿಪುಡಿ, ಮನೆಯಲ್ಲಿ ತಯಾರಿಸಿದ ಚಾಕೊಲೇಟುಗಳನ್ನು ಮಾರುವ ವರ್ತಕನು ಇನ್ನೊಂದೆರಡು ಗಂಟೆ ಬಾಗಿಲು ತೆರೆದಿಡಲು ಬಯಸುವುದು ಸ್ವಾಭಾವಿಕವೇ ಆಗಿದೆ. ಮಳೆಗಾಲದ ತಿಂಗಳುಗಳಲ್ಲಿ ಗಿರಾಕಿಯಿಲ್ಲದೆ ಕುಳಿತವನು ಬೇಸಿಗೆಯ ಮತ್ತು ದಸರೆಯ ಕೆಲವು ವಾರಗಳಲ್ಲಿಯೇ ವರ್ಷದ ಅನ್ನವನ್ನು ಗಳಿಸಿಕೊಳ್ಳಬೇಕಾಗಿದೆ.

ಹಾಗಾದರೆ ಅವನು ಯಾರನ್ನು ಕೇಳಬೇಕು? ನಗರಸಭೆಯನ್ನೆಂದು ಬಹುಮಂದಿ ತಿಳಿದಿರುವರು. ವರ್ಷವರ್ಷವೂ ಉದ್ದಿಮೆ ಪರವಾನಗಿಯನ್ನು ನೀಡುವುದು ನಗರಸಭೆಯೇ ಆದುದರಿಂದ ಈ ತಿಳಿವಳಿಕೆ ಸಹಜವಾದುದು. ವಾಸ್ತವವಾಗಿ ಅಂಗಡಿಯ ಹೊತ್ತನ್ನು ನಿರ್ಣಯಿಸುವ ಅಧಿಕಾರವು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಮೇರೆಗೆ ರಾಜ್ಯ ಸರ್ಕಾರದ ಕೈಯಲ್ಲಿದೆ. ಅದರ ಪಾಲನೆಯನ್ನು ನೋಡಿಕೊಳ್ಳತಕ್ಕದ್ದು ಕಾರ್ಮಿಕ ಇಲಾಖೆ. ಆ ಅಧಿನಿಯಮವು ಎಷ್ಟು ಸೂಕ್ಷ್ಮದೃಷ್ಟಿಯಿಂದ ರಚಿತವಾಗಿದೆಯೆಂದರೆ, ಮುಚ್ಚುವ ಹೊತ್ತಿಗೆ ಅಂಗಡಿಯೊಳಗೆ ಕಾದು ನಿಂತಿರುವ ಗಿರಾಕಿಗೆ ಮತ್ತೆ ಕಾಲು ಗಂಟೆಯ ಒಳಗಾಗಿ ಸಾಮಾನು ಕೊಟ್ಟು ಕಳುಹಿಸಬಹುದೆಂಬ ದಾಕ್ಷಿಣ್ಯವನ್ನು ಕೂಡ ಅದು ತೋರಿದೆ. ಅದಕ್ಕಿಂತ ಮುಖ್ಯವಾಗಿ, ಬೇರೆ ಬೇರೆ ವರ್ಗದ ಅಂಗಡಿಗಳಿಗೂ ಬೇರೆ ಬೇರೆ ಪ್ರದೇಶಗಳಿಗೂ ವರ್ಷದ ಬೇರೆ ಬೇರೆ ಕಾಲಗಳಿಗೂ ಭಿನ್ನಭಿನ್ನವಾದ ವೇಳೆಗಳನ್ನು ಗೊತ್ತುಪಡಿಸಲು ಅದು ಅವಕಾಶವಿತ್ತಿದೆ. ಮಡಿಕೇರಿಯ ಮಳೆಗೂ ಮಡಿಕೇರಿಯ ಬೇಸಿಗೆಗೂ ಒಂದೇ ಅಳತೆ ಸಲ್ಲದೆಂಬುದನ್ನು ಬಲ್ಲವರಿಗೆ ಈ ಅವಕಾಶದ ಬೆಲೆ ತಿಳಿದೀತು. ಆದರೆ ಅದನ್ನು ಬಳಸಿಕೊಳ್ಳುವ ಕಡೆಗೆ ನಮ್ಮ ಗಮನ ಹೋಗಿರುವುದು ಕಡಮೆ.

2021ರ ಜನವರಿಯಲ್ಲಿ ರಾಜ್ಯ ಸರ್ಕಾರವು 10 ಅಥವಾ ಅದಕ್ಕೂ ಹೆಚ್ಚು ನೌಕರರುಳ್ಳ ಅಂಗಡಿಗಳು ವರ್ಷದ ಎಲ್ಲ ದಿನಗಳಲ್ಲಿಯೂ ದಿನದ 24 ಗಂಟೆಯೂ ತೆರೆದಿರಬಹುದೆಂದು ಮೂರು ವರ್ಷಗಳ ಅವಧಿಗೆ ಅನುಮತಿಯನ್ನು ನೀಡಿತು. ಪ್ರತಿಯೊಬ್ಬ ನೌಕರನಿಗೂ ವಾರದ ರಜೆ ಸಲ್ಲಬೇಕು, ವಾರದ ದುಡಿಮೆ 48 ಗಂಟೆಗಳನ್ನು ಮೀರಬಾರದು, ಹೆಚ್ಚುವರಿ ದುಡಿಮೆಯನ್ನು ಸೇರಿಸಿಕೊಂಡರೂ ದಿನಕ್ಕೆ 10 ಗಂಟೆ ದಾಟಕೂಡದು, ರಾತ್ರಿ 8ರ ಅನಂತರ ಮಹಿಳೆಯರನ್ನು ದುಡಿಸಿಕೊಳ್ಳಬೇಕಾದರೆ ಅವರ ಲಿಖಿತ ಸಮ್ಮತಿಯೂ ತಕ್ಕ ರಕ್ಷಣೆಯೂ ಇರಬೇಕು ಎಂಬ ನಿಬಂಧನೆಗಳೂ ಜೊತೆಗಿದ್ದುವು. ಇವು ಶ್ಲಾಘ್ಯವಾದುವೇ. ಆದರೂ ಈ ಆಜ್ಞೆಯು ಮಹಾನಗರಗಳ ಭವ್ಯ ಮಳಿಗೆಗಳನ್ನು ಕಣ್ಣ ಮುಂದಿಟ್ಟುಕೊಂಡು ರಚಿತವಾದುದೆಂಬುದು ಸ್ಪಷ್ಟ. ತಂದೆ ಮಗ ಸೇರಿ, ಇಲ್ಲವೇ ಯಜಮಾನನೊಬ್ಬ ಇಬ್ಬರು ಹುಡುಗರನ್ನಿಟ್ಟುಕೊಂಡು ನಡೆಸುವ ಮಹದೇವಪೇಟೆಯ ಅಂಗಡಿ 10 ಮಂದಿಯ ಈ ಗಣನೆಯೊಳಗೆ ಬರುವುದೆಂತು? ದೊಡ್ಡದಕ್ಕೆ ದೊರೆತ ಸೌಲಭ್ಯವು ಚಿಕ್ಕದಕ್ಕೆ ದೊರೆಯದಿರುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಇನ್ನು ವಾಹನದ ಮಾತು. 1988ರ ಮೋಟಾರು ವಾಹನಗಳ ಅಧಿನಿಯಮದ 117ನೆಯ ಪ್ರಕರಣದಂತೆ, ವಾಹನಗಳು ಎಲ್ಲಿ ನಿಲ್ಲಬಹುದು, ಎಷ್ಟು ಕಾಲ ನಿಲ್ಲಬಹುದು ಎಂಬುದನ್ನು ರಾಜ್ಯ ಸರ್ಕಾರವು ಅಥವಾ ಅದು ಅಧಿಕಾರವಿತ್ತ ಪ್ರಾಧಿಕಾರಿಯು ಆ ಪ್ರದೇಶದ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಮಾಡತಕ್ಕದ್ದು. ಜಿಲ್ಲೆಗಳಲ್ಲಿ ಈ ಅಧಿಕಾರವನ್ನು ಚಲಾಯಿಸುವವರು ಜಿಲ್ಲಾಧಿಕಾರಿಗಳು. ಇಂತಹ ರಸ್ತೆ ಏಕಮುಖ, ಇಂತಹ ಬದಿ ನಿಲುಗಡೆ ನಿಷಿದ್ಧ ಎಂಬ ಅಧಿಸೂಚನೆ ಅವರ ಕಚೇರಿಯಿಂದ ಹೊರಡುತ್ತದೆ, ಪೊಲೀಸರು ಅದನ್ನು ಜಾರಿಗೆ ತರುತ್ತಾರೆ. ನಗರಸಭೆಗೆ ಉಳಿಯುವ ಪಾಲು ಸಮಾಲೋಚನೆ. ಆ ಬಳಿಕ ಫಲಕ ನೆಡುವುದು, ಬಿಳಿಯ ಗೆರೆ ಎಳೆಯಿಸುವುದು, ಶುಲ್ಕ ವಸೂಲಿಯ ಗುತ್ತಿಗೆಯನ್ನು ಹರಾಜು ಹಾಕುವುದು. ಆದರೆ ಸಂವಿಧಾನದ 74ನೆಯ ತಿದ್ದುಪಡಿಯಿಂದ ಸೇರಿದ 12ನೆಯ ಅನುಸೂಚಿಯು ನಗರ ಸಂಸ್ಥೆಗಳಿಗೆ ಸಲ್ಲತಕ್ಕ 18 ಕಾರ್ಯಗಳನ್ನು ಹೆಸರಿಸುವಾಗ, ಬೀದಿದೀಪ ಮತ್ತು ಬಸ್ಸು ನಿಲ್ದಾಣಗಳ ಸಾಲಿನಲ್ಲಿಯೇ ವಾಹನ ನಿಲುಗಡೆಯ ತಾಣಗಳನ್ನೂ ಸ್ಪಷ್ಟವಾಗಿ ಹೆಸರಿಸಿದೆ ಎಂಬುದನ್ನು ನಮ್ಮ ಸದಸ್ಯರು ಮರೆಯಬಾರದು.

ಹೀಗೆ ಹೊತ್ತು ಒಂದು ಕಚೇರಿಯಲ್ಲಿ ನಿರ್ಣೀತವಾಗುವುದು, ಜಾಗ ಇನ್ನೊಂದು ಕಚೇರಿಯಲ್ಲಿ. ಪರವಾನಗಿ ಮೂರನೆಯ ಕಡೆ, ಕಟ್ಟಡದ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದ ಸಂಬಂಧವುಳ್ಳ ನಾಲ್ಕನೆಯ ಕಡೆ. ಇದರ ಫಲವೇನೆಂಬುದನ್ನು ಒಂದು ಉದಾಹರಣೆಯಿಂದ ಕಲ್ಪಿಸಿಕೊಳ್ಳಬಹುದು. ಇಳಿಜಾರಿನ ಒಂದು ಬೀದಿಯಲ್ಲಿ ಅಂಗಡಿಯು ರಾತ್ರಿ 11ರವರೆಗೆ ತೆರೆದಿರಲು ಅನುಮತಿ ಪಡೆಯಿತೆನ್ನೋಣ. ಹಗಲು ಆ ಬೀದಿಯಲ್ಲಿ ನಿಲ್ಲುತ್ತಿದ್ದ ವಾಹನಗಳು ಸಂಜೆ 7ಕ್ಕೆ ತೆರವಾಗಿ, ಮನೆಗಳವರು ತಮ್ಮ ವಾಹನಗಳನ್ನು ಅಲ್ಲಿ ತಂದಿಡುವ ರೂಢಿ ಅದುವರೆಗೆ ಇದ್ದಿತು. ಈಗ ಅದೇ ಜಾಗಕ್ಕೆ ಗಿರಾಕಿಯೂ ಹಕ್ಕುದಾರನಾದನು, ನಿವಾಸಿಯೂ ಹಕ್ಕುದಾರನಾದನು. ಹೊತ್ತನ್ನು ವಿಸ್ತರಿಸಿದ ಅಧಿಕಾರಿಗೆ ಬೀದಿಯ ಅಗಲ ತಿಳಿಯದು. ಬೀದಿಯ ಅಗಲವನ್ನು ಬಲ್ಲ ಅಧಿಕಾರಿಗೆ ಹೊತ್ತು ವಿಸ್ತರಣೆಯಾದ ಸುದ್ದಿಯೇ ತಲಪಿರುವುದಿಲ್ಲ. ಕಡೆಗೆ ಜಗಳವನ್ನು ಬಗೆಹರಿಸಬೇಕಾದವನು ಮಳೆಯಲ್ಲಿ ನೆನೆಯುತ್ತ ಸೀಟಿ ಊದುವ ಪೊಲೀಸ್ ಪೇದೆ. ಅಂಗಡಿಯ ಹೊತ್ತು ಮತ್ತು ಗಿರಾಕಿಯ ವಾಹನ ಇವೆರಡೂ ಒಂದೇ ಪ್ರಶ್ನೆಯ ಎರಡು ಭಾಗಗಳು, ಅವನ್ನು ಒಂದೇ ಸಭೆಯಲ್ಲಿ, ಒಂದೇ ಠರಾವಿನಲ್ಲಿ, ಬೀದಿಯವರ ಎದುರಿನಲ್ಲಿ ನಿರ್ಣಯಿಸಬೇಕು ಎಂಬುದೇ ನನ್ನ ಅಭಿಪ್ರಾಯ.

ಇದು ಹೊರಗಿನಿಂದ ತಂದ ನವೀನ ತತ್ತ್ವವೇನಲ್ಲ. ಕೊಡಗಿನ ಸಂತೆಗಳನ್ನು ನೋಡಿರಿ. ಸೋಮವಾರಪೇಟೆಗೆ ಸೋಮವಾರ, ಕುಶಾಲನಗರಕ್ಕೆ ಮಂಗಳವಾರ, ವಿರಾಜಪೇಟೆಗೆ ಬುಧವಾರ, ಮಡಿಕೇರಿಗೆ ಶುಕ್ರವಾರ, ಗೋಣಿಕೊಪ್ಪಲಿಗೆ ಭಾನುವಾರ ಎಂದು ದಿನಗಳನ್ನು ಹಂಚಿಕೊಂಡು, ಊರೂರಿಗೆ ಸಂತೆಯ ಮೈದಾನವನ್ನು ಗೊತ್ತುಮಾಡಿ, ಅಲ್ಲಿಗೆ ಮಾತ್ರ ಸುಂಕವನ್ನು ವಿಧಿಸಿದ ವ್ಯವಸ್ಥೆಯಲ್ಲಿ ಕಾಲವೂ ದೇಶವೂ ಬೇರೆ ಬೇರೆಯಾಗಿ ನಿರ್ಣೀತವಾಗಲಿಲ್ಲ. ತೋಟದ ಲೈನುಗಳಲ್ಲಿ ವಾಸಿಸುವ ಕೂಲಿಗಾರನು ವಾರದ ಬಟವಾಡೆಯನ್ನು ಹಿಡಿದು ಯಾವ ದಿನ ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ತಿಳಿದಿರುತ್ತದೆ. ಅವನನ್ನು ಕರೆತರುವ ಜೀಪಿನ ಚಾಲಕನಿಗೆ ಎಲ್ಲಿ ನಿಲ್ಲಬೇಕೆಂಬುದೂ ತಿಳಿದಿರುತ್ತದೆ. ತಳ್ಳುಗಾಡಿಯವರ ವಿಷಯದಲ್ಲಿ 2014ರ ಬೀದಿ ವ್ಯಾಪಾರಿಗಳ ಅಧಿನಿಯಮವು ಇದೇ ವಿವೇಕವನ್ನು ಕಾನೂನಿನ ರೂಪಕ್ಕೆ ತಂದಿದೆ: ವ್ಯಾಪಾರದ ವಲಯವನ್ನೂ ವ್ಯಾಪಾರದ ವೇಳೆಯನ್ನೂ ಒಟ್ಟಿಗೆ ಯೋಚಿಸತಕ್ಕ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇಕಡ 40 ಮಂದಿ ಆ ವ್ಯಾಪಾರಿಗಳೇ ಇರಬೇಕು. ತಳ್ಳುಗಾಡಿಗೆ ದೊರೆತ ಈ ವಿಚಾರಣೆ ಅಂಗಡಿಗೂ ಬೀದಿಗೂ ಏಕೆ ದೊರೆಯಬಾರದು?

ಜಾಗವನ್ನೇ ಹೆಚ್ಚಿಸಿಬಿಟ್ಟರೆ ಕಷ್ಟ ಪರಿಹಾರವಾಗದೇ ಎಂದು ಕೇಳುವವರುಂಟು. ಬಯಲುಸೀಮೆಯ ಪಟ್ಟಣದಲ್ಲಿ ಈ ಮಾತಿಗೆ ಬೆಲೆಯಿದೆ. ಕಾವೇರಿಯ ದಡದ ಸಮತಲದಲ್ಲಿ ಹೆದ್ದಾರಿಯುದ್ದಕ್ಕೂ ಹರಡಿರುವ ಕುಶಾಲನಗರದಲ್ಲಿಯೂ ಸ್ವಲ್ಪ ಮಟ್ಟಿಗೆ ಇದೆ. ಮಡಿಕೇರಿಯಲ್ಲಿ ಜಾಗವನ್ನು ಹೆಚ್ಚಿಸುವುದೆಂದರೆ ಬೆಟ್ಟವನ್ನು ಕಡಿಯುವುದು. 2018ರ ಆಗಸ್ಟಿನಲ್ಲಿ ಈ ಜಿಲ್ಲೆಯ ಗುಡ್ಡಗಳು ಜಾರಿ ಮನೆ, ತೋಟ, ರಸ್ತೆ, ಮನುಷ್ಯರನ್ನು ನುಂಗಿದ ಮೇಲೆ, ಇಳಿಜಾರಿನ ಬುಡವನ್ನು ಸವರಿ ನಾಲ್ಕು ವಾಹನಗಳಿಗೆ ನೆಲೆ ಮಾಡಿಕೊಡುವ ಧೈರ್ಯವನ್ನು ಯಾವ ನಗರಸಭೆಯೂ ಹಗುರವಾಗಿ ತಳೆಯಲಾರದು, ತಳೆಯಲೂ ಬಾರದು. ಜಾಗ ಬೆಳೆಯದ ಊರಿನಲ್ಲಿ ಹಂಚಬಹುದಾದ ವಸ್ತು ಒಂದೇ, ಅದು ಕಾಲ.

ಕಾಲವನ್ನು ಹಂಚುವ ಪ್ರಯತ್ನ ಲೋಕದಲ್ಲಿ ಹಳೆಯದು. 1935ರ ಜುಲೈ 16ರಂದು ಅಮೆರಿಕೆಯ ಓಕ್ಲಹೋಮ ನಗರದಲ್ಲಿ ಮೊತ್ತಮೊದಲ ಪಾರ್ಕಿಂಗ್ ಮೀಟರನ್ನು ನೆಡಲಾಯಿತು. ಅಂಗಡಿಬೀದಿಗಳಲ್ಲಿ ಅಲ್ಲಿಯೇ ಕೆಲಸ ಮಾಡುವವರ ವಾಹನಗಳು ಬೆಳಗಿನಿಂದ ಸಂಜೆಯವರೆಗೆ ಕದಲದೆ ನಿಂತು, ಕೊಳ್ಳಬಂದವರಿಗೆ ಎಡೆಯಿಲ್ಲದಂತಾಗಿದ್ದುದೇ ಅದಕ್ಕೆ ಕಾರಣ. ನಮ್ಮ ಬೀದಿಗಳಲ್ಲಿಯೂ ಅಂಗಡಿಯ ಮುಂದಣ ಜಾಗವನ್ನು ಹಗಲೆಲ್ಲ ಆಕ್ರಮಿಸಿರುವುದು ಹಲವು ವೇಳೆ ಅಂಗಡಿಯವರದೇ ಸ್ಕೂಟರು, ಅಂಗಡಿಯವರದೇ ಕಾರು. ವರ್ತಕಬಂಧುಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. 2005ರಲ್ಲಿ ಈ ವಿಷಯವಾಗಿ ಬೃಹದ್ಗ್ರಂಥವನ್ನು ಪ್ರಕಟಿಸಿದ ಕ್ಯಾಲಿಫೋರ್ನಿಯದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅವರು, ಬೀದಿಬದಿಯ ಜಾಗಗಳಲ್ಲಿ ಯಾವಾಗಲೂ ಸುಮಾರು ಶೇಕಡ 15ರಷ್ಟು ತೆರವಾಗಿರುವಂತೆ ಶುಲ್ಕವನ್ನು ಹೊತ್ತಿಗೆ ತಕ್ಕ ಹಾಗೆ ಏರಿಳಿಸಬೇಕು, ಹಾಗೆ ಬಂದ ಹಣವನ್ನು ಅದೇ ಬೀದಿಯ ಸುಧಾರಣೆಗೆ ವಿನಿಯೋಗಿಸಬೇಕು ಎಂದು ಪ್ರತಿಪಾದಿಸಿದರು. ಶುಲ್ಕವೆಂದೊಡನೆ ಗಿರಾಕಿ ಓಡಿಹೋಗುವನೆಂದು ಅಂಗಡಿಕಾರ ಹೆದರುತ್ತಾನೆ. ಜಾಗ ಸಿಕ್ಕದೆ ಮೂರು ಸುತ್ತು ತಿರುಗಿದ ಗಿರಾಕಿಯೂ ಮೈಸೂರಿನ ದಾರಿ ಹಿಡಿಯುವುದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಚರ್ಚೆಯಲ್ಲೆಲ್ಲ ಕೇಳಿಬರದಷ್ಟು ಮೆಲ್ಲಗಿರುವ ಧ್ವನಿಯೆಂದರೆ ಅಂಗಡಿಯಲ್ಲಿ ದುಡಿಯುವವರದು. ನನಗೆ ಅತ್ಯಂತ ಕಳವಳವನ್ನುಂಟುಮಾಡುವುದೂ ಅದೇ. ಕೊಡಗಿನಲ್ಲಿ ರೈಲುಮಾರ್ಗವಿಲ್ಲ. ಪೇಟೆಯ ಅಂಗಡಿಗಳಲ್ಲಿ ಪೊಟ್ಟಣ ಕಟ್ಟುವ ಹುಡುಗಿ, ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗ ಅನೇಕ ವೇಳೆ ಹತ್ತಿಪ್ಪತ್ತು ಕಿಲೋಮೀಟರು ದೂರದ ಗ್ರಾಮದಿಂದ ಬಂದವರು. ಸಂಜೆಯ ಬಸ್ಸು ತಪ್ಪಿದರೆ ಅವರಿಗೆ ಗತಿಯಿಲ್ಲ. ಬಸ್ಸಿನಿಂದಿಳಿದ ಮೇಲೂ ತೋಟಗಳ ನಡುವಣ ಕತ್ತಲೆಯ ದಾರಿಯಲ್ಲಿ ನಡೆಯಬೇಕು. ಕಾಡಾನೆಗಳು ಕಾಫಿತೋಟಗಳಲ್ಲಿಯೇ ತಂಗಿ ಇರುಳು ರಸ್ತೆಗಿಳಿಯುವ ಜಿಲ್ಲೆಯಲ್ಲಿ ಒಂದು ಗಂಟೆಯ ವಿಳಂಬವೆಂಬುದು ಬರಿಯ ಆಯಾಸದ ವಿಷಯವಲ್ಲ, ಪ್ರಾಣದ ವಿಷಯ. ಬೆಂಗಳೂರಿನ ರಾತ್ರಿಗೆ ಹೊಂದುವ ನಿಯಮ ಇಲ್ಲಿಯ ರಾತ್ರಿಗೆ ಹೊಂದದೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಾಗಿಲ್ಲ.

ಬಾಧಿತರಾಗುವವರನ್ನು ಮೊದಲು ಕೇಳಿ ನಿರ್ಣಯಿಸುವ ಪದ್ಧತಿ ಬೇರೆಡೆ ಉಂಟು: ಬ್ರಿಟನ್ನಿನ ಪಟ್ಟಣಗಳಲ್ಲಿ ಅಂಗಡಿಯೊಂದು ತನಗೆ ವಿಧಿಸಿದ ಹೊತ್ತನ್ನು ವಿಸ್ತರಿಸಲು ಕೋರಿದರೆ, ಸ್ಥಳೀಯ ಕೌನ್ಸಿಲು ನೆರೆಹೊರೆಯವರಿಗೆ ತಿಳಿಯುವಂತೆ ಪ್ರಕಟಣೆ ಹೊರಡಿಸಿ, ಅವರ ಆಕ್ಷೇಪಣೆಗಳನ್ನು ಪಡೆದು, ಒಪ್ಪಿಗೆಯನ್ನು ಕೊಡುವಾಗ ತೆರೆಯುವ ಮುಚ್ಚುವ ವೇಳೆಯನ್ನೂ ಗಿರಾಕಿಗಳ ವಾಹನ ನಿಲುಗಡೆಯನ್ನೂ ಒಂದೇ ಆಜ್ಞೆಯ ಷರತ್ತುಗಳಾಗಿ ಬರೆಯಬಲ್ಲುದು. ನಮ್ಮ ನಗರಸಭೆಗೆ ಅಷ್ಟು ಅಧಿಕಾರವಿಲ್ಲ. ಆದರೆ ಠರಾವು ಮಾಡಿ ಶಿಫಾರಸು ಕಳುಹಿಸುವುದನ್ನು ಯಾವ ಕಾನೂನೂ ತಡೆದಿಲ್ಲ. 23 ವಾರ್ಡುಗಳ ಸದಸ್ಯರು ಒಮ್ಮತದಿಂದ, ಇಂತಿಂತಹ ಬೀದಿಗಳಲ್ಲಿ, ಏಪ್ರಿಲ್ ಮೇ ತಿಂಗಳುಗಳಲ್ಲಿಯೂ ದಸರೆಯ ಹತ್ತು ದಿನಗಳಲ್ಲಿಯೂ, ಚಿಕ್ಕ ಅಂಗಡಿಗಳನ್ನು ಒಳಗೊಂಡು, ಇಷ್ಟು ಹೊತ್ತು ತೆರೆದಿರಬಹುದು; ಅಲ್ಲಿಯ ನಿಲುಗಡೆ ಅರ್ಧ ಗಂಟೆಗೆ ಸೀಮಿತ; ರಾತ್ರಿ ಇಷ್ಟರ ಅನಂತರ ಆ ಜಾಗ ನಿವಾಸಿಗಳದು ಎಂದು ಬರೆದು ಕಾರ್ಮಿಕ ಇಲಾಖೆಗೂ ಜಿಲ್ಲಾಧಿಕಾರಿಗಳಿಗೂ ಒಂದೇ ಪತ್ರವನ್ನು ಕಳುಹಿಸಿದರೆ, ಅದನ್ನು ಉಪೇಕ್ಷಿಸುವುದು ಅಷ್ಟು ಸುಲಭವಾಗದು. ಅದಕ್ಕೆ ಮುಂಚೆ ಬಹಿರಂಗ ವಿಚಾರಣೆಯೊಂದು ನಡೆಯಬೇಕು. ಅದು ಸಂತೆಯ ಶುಕ್ರವಾರ ಬೇಡ, ವರ್ತಕರು ಬರಲಾರರು. ಸಂಜೆ ಬೇಡ, ನೌಕರರು ಬರಲಾರರು. ಕರೆಯೋಲೆಯು ರಸ್ತೆ ಸಾರಿಗೆ ನಿಗಮದ ಡಿಪೋ ವ್ಯವಸ್ಥಾಪಕರಿಗೂ ಖಾಸಗಿ ಬಸ್ಸುಗಳ ಮಾಲೀಕರಿಗೂ ಹೋಗತಕ್ಕದ್ದು. ಅಂಗಡಿ ಒಂದು ಗಂಟೆ ತಡವಾಗಿ ಮುಚ್ಚುವುದಾದರೆ ನಾಪೋಕ್ಲಿಗೆ, ಭಾಗಮಂಡಲಕ್ಕೆ, ಸಿದ್ದಾಪುರಕ್ಕೆ ಹೋಗುವ ಕೊನೆಯ ಬಸ್ಸೂ ಒಂದು ಗಂಟೆ ತಡವಾಗಿ ಹೊರಡಬಲ್ಲುದೇ ಎಂಬುದಕ್ಕೆ ಅವರಿಂದ ಉತ್ತರ ಪಡೆದ ಮೇಲೆಯೇ ಅಧ್ಯಕ್ಷರು ಠರಾವನ್ನು ಮತಕ್ಕೆ ಹಾಕಬೇಕು.