ಲೂಟ್ ಹಂಚುವ ಆಡ್‌ಆನ್‌ಗೆ ಎದುರಾಗುವ ಪರೀಕ್ಷೆಗಳು

ಅಮೆರಿಕದ ಬ್ಲಿಝಾರ್ಡ್ ಎಂಟರ್‌ಟೇನ್‌ಮೆಂಟ್ ಕಂಪನಿ 2004ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದಲ್ಲಿ, ಒಬ್ಬಿಬ್ಬರಿಗೆ ಮಣಿಯದ ಬಲಿಷ್ಠ ಶತ್ರುವನ್ನು ದೊಡ್ಡ ತಂಡ ಕಟ್ಟಿಕೊಂಡು ಎದುರಿಸುವುದಕ್ಕೆ ರೇಡ್ ಎಂದೂ, ಸೋತ ಶತ್ರುವಿನಿಂದ ದೊರೆಯುವ ಆಯುಧ, ಕವಚ ಮುಂತಾದವಕ್ಕೆ ಲೂಟ್ ಎಂದೂ ಹೆಸರು. ಆರಂಭದ ‘ಮೋಲ್ಟನ್ ಕೋರ್’ ರೇಡ್‌ನಲ್ಲಿ 40 ಮಂದಿಯವರೆಗೆ ಸೇರಬಹುದಾಗಿತ್ತಾದರೂ, ಒಂದು ಶತ್ರುವಿನಿಂದ ಸಿಗುತ್ತಿದ್ದುದು ಬೆರಳೆಣಿಕೆಯ ವಸ್ತುಗಳು ಮಾತ್ರ. ಅದೇ ಶತ್ರುವನ್ನು ಮತ್ತೆ ಎದುರಿಸಬೇಕಾದರೆ ಮುಂದಿನ ವಾರದವರೆಗೆ ಕಾಯಬೇಕಿತ್ತು. ಹೀಗಾಗಿ, ಗಂಟೆಗಟ್ಟಲೆ ಒಟ್ಟಿಗೆ ಹೋರಾಡಿದವರಲ್ಲಿ ಯಾವ ವಸ್ತು ಯಾರಿಗೆ ಸಲ್ಲಬೇಕೆಂಬುದು ತಂಡವನ್ನೇ ಒಡೆಯಬಲ್ಲ ಪ್ರಶ್ನೆಯಾಗಿತ್ತು.

ಇದಕ್ಕೆ ಆಟಗಾರರು ಹಲವು ದಾರಿಗಳನ್ನು ಕಂಡುಕೊಂಡರು: ಭಾಗವಹಿಸಿದ್ದಕ್ಕೆ ಅಂಕ ಗಳಿಸಿ ಅದನ್ನೇ ಹಣದಂತೆ ಖರ್ಚುಮಾಡುವ ಪದ್ಧತಿ, 1999ರಲ್ಲಿ ಬಂದ ‘ಎವರ್‌ಕ್ವೆಸ್ಟ್’ ಆಟದ ಕಾಲದಿಂದಲೂ ಬಳಕೆಯಲ್ಲಿದೆ, ಹಿರಿಯರ ಸಮಿತಿಯೊಂದು ತೀರ್ಮಾನಿಸುವುದು ಮತ್ತೊಂದು ಕ್ರಮ, ರೋಲ್ ಎಂಬ ಅದೃಷ್ಟದ ಸಂಖ್ಯೆಗೆ ಬಿಟ್ಟುಬಿಡುವುದು ಎಲ್ಲಕ್ಕಿಂತ ಸರಳ. ಈ ಲೆಕ್ಕವನ್ನೆಲ್ಲ ನೋಡಿಕೊಳ್ಳಲು ಆಟಗಾರರೇ ಲುವಾ ಎಂಬ ಭಾಷೆಯಲ್ಲಿ ಬರೆದು ಆಟಕ್ಕೆ ಜೋಡಿಸುವ ಸಣ್ಣ ತಂತ್ರಾಂಶವೇ ಆಡ್‌ಆನ್.

ಸಾಮಾನ್ಯ ತಂತ್ರಾಂಶದ ತಪ್ಪು ಕೆಲಸ ಕೆಡಿಸುತ್ತದೆ. ಇದರ ತಪ್ಪು ಮನಸ್ಸು ಕೆಡಿಸುತ್ತದೆ. ಆದ್ದರಿಂದಲೇ ಇದರ ಪರೀಕ್ಷೆಯಲ್ಲಿ ಲೆಕ್ಕ ಸರಿಯಿದೆಯೇ ಎಂದು ನೋಡಿದರೆ ಸಾಲದು, ಮೋಸಕ್ಕೆ ಎಲ್ಲಿ ಎಡೆಯಿದೆ ಎಂಬುದನ್ನೂ ಹುಡುಕಬೇಕು. ರೋಲ್ ಪದ್ಧತಿಯನ್ನೇ ಹತ್ತಿರದಿಂದ ನೋಡಬಹುದು. ಆಟಗಾರನು ‘ರೋಲ್’ ಆದೇಶ ಕೊಟ್ಟಾಗ ಸರ್ವರ್ 1ರಿಂದ 100ರೊಳಗಿನ ಒಂದು ಸಂಖ್ಯೆಯನ್ನು ಆರಿಸಿ, ಹೆಸರು, ಸಂಖ್ಯೆ, ಮಿತಿ ಮೂರನ್ನೂ ಒಂದು ಸಾಲಿನಲ್ಲಿ ಎಲ್ಲರಿಗೂ ತೋರಿಸುತ್ತದೆ; ಆದರೆ ಮಿತಿಯನ್ನು ಆಟಗಾರನೇ ಬದಲಿಸಬಹುದಾದುದರಿಂದ, 90ರಿಂದ 100ರೊಳಗೆ ರೋಲ್ ಮಾಡಿದವನ ಸಂಖ್ಯೆಯನ್ನು ಆಡ್‌ಆನ್ ತಿರಸ್ಕರಿಸಲೇಬೇಕು. ಎರಡನೆಯ ಸಲ ರೋಲ್ ಮಾಡಿದವರು, ಅವಧಿ ಮುಗಿದ ಮೇಲೆ ಮಾಡಿದವರು, ಸಮಾನ ಸಂಖ್ಯೆ ಪಡೆದ ಇಬ್ಬರು, ಹೀಗೆ ಒಂದೊಂದು ಸಂದರ್ಭವನ್ನೂ ಬೇಕೆಂದೇ ಸೃಷ್ಟಿಸಿ ನೋಡಬೇಕಾಗುತ್ತದೆ. ಪಾತ್ರದ ಹಾವಭಾವ ವರ್ಣಿಸಲು ಇರುವ ಆದೇಶವನ್ನು ಬಳಸಿ, 98 ಬಂದಂತೆ ಸುಳ್ಳು ಸಾಲನ್ನು ಬರೆಯುವ ಹಳೆಯ ಕುತಂತ್ರವೂ ಇದೆ. ಅದರ ಬಣ್ಣ ಬೇರೆಯಾದರೂ ಅವಸರದಲ್ಲಿ ಮನುಷ್ಯರ ಕಣ್ಣು ಮೋಸಹೋಗಬಹುದು, ಸರ್ವರ್‌ನ ಸಂದೇಶವನ್ನು ಮಾತ್ರ ಓದುವ ಆಡ್‌ಆನ್ ಮೋಸಹೋಗಬಾರದು. ಅದೇ ಸಾಲು ಜರ್ಮನ್ ಭಾಷೆಯ ಆವೃತ್ತಿಯಲ್ಲಿ ಬೇರೆ ರೂಪದಲ್ಲಿ ಬರುವುದರಿಂದ, ಇಂಗ್ಲಿಷನ್ನಷ್ಟೇ ನಂಬಿದ ಆಡ್‌ಆನ್ ಅಲ್ಲಿ ಮೂಕವಾಗುತ್ತದೆ.

ಇನ್ನೊಂದು ತೊಡಕು, ಈ ತಂತ್ರಾಂಶ ಒಂದೆಡೆಯಲ್ಲದೆ ಪ್ರತಿಯೊಬ್ಬ ಸದಸ್ಯನ ಕಂಪ್ಯೂಟರಿನಲ್ಲಿಯೂ ಪ್ರತ್ಯೇಕವಾಗಿ ಓಡುವುದು. ಪ್ರತಿಗಳ ನಡುವಿನ ಒಂದು ಸಂದೇಶ 255 ಬೈಟ್ ಮೀರುವಂತಿಲ್ಲ. ಉದ್ದವಾದುದನ್ನು ತುಂಡುಮಾಡಿ, ವೇಗವನ್ನು ತಗ್ಗಿಸಿ ಕಳುಹಿಸಬೇಕು. ಹಂಚಿಕೆಯ ನಡುವೆ ನಾಯಕನ ಸಂಪರ್ಕ ಕಡಿದರೆ, ಕೆಲವರಲ್ಲಿ ಹಳೆಯ ಆವೃತ್ತಿಯೇ ಉಳಿದಿದ್ದರೆ, ಹೊಸ ವಸ್ತುವಿನ ವಿವರ ಸರ್ವರ್‌ನಿಂದ ತಡವಾಗಿ ಬಂದರೆ ಏನಾಗುತ್ತದೆಂಬುದು ಒಬ್ಬರೇ ಕುಳಿತು ನಡೆಸುವ ಪರೀಕ್ಷೆಯಲ್ಲಿ ಕಾಣುವುದಿಲ್ಲ. ‘ಆರ್‌ಸಿ ಲೂಟ್ ಕೌನ್ಸಿಲ್’ ಎಂಬ ಆಡ್‌ಆನ್‌ನಲ್ಲಿ ಕಾಲ್ಪನಿಕ ವಸ್ತುಗಳನ್ನು ಹಂಚಿ ನೋಡುವ ಪರೀಕ್ಷಾ ಆದೇಶವಿರುವುದು ಬಹಳ ಉಪಯುಕ್ತ. ವಾರವಿಡೀ ಕಾಯದೆ ತಂಡದವರನ್ನು ಸೇರಿಸಿ ತಾಲೀಮು ನಡೆಸಬಹುದು.

ಅಂಕಗಳ ದಾಖಲೆಗೆ ಮತ್ತೊಂದು ಗಂಡಾಂತರವಿದೆ. ಆಡ್‌ಆನ್‌ನ ಮಾಹಿತಿ ಡಿಸ್ಕ್‌ಗೆ ಇಳಿಯುವುದು ಆಟಗಾರ ಹೊರಬಂದಾಗ ಅಥವಾ ಪರದೆಯ ವ್ಯವಸ್ಥೆಯನ್ನು ಮರುಲೋಡ್ ಮಾಡಿದಾಗ ಮಾತ್ರವಾದುದರಿಂದ, ನಡುವೆ ಆಟ ಹಠಾತ್ತನೆ ನಿಂತುಹೋದರೆ ಅಂದಿನ ಲೆಕ್ಕವೇ ಅಳಿಯುತ್ತದೆ. ಉಳಿದ ಸದಸ್ಯರ ಪ್ರತಿಗಳಿಂದ ಅದು ಮರಳಿ ಕೂಡಿಬರುತ್ತದೆಯೇ ಎಂದು ಆಟವನ್ನು ಬಲವಂತವಾಗಿ ಮುಚ್ಚಿಯೇ ನೋಡಬೇಕು.

ಇಷ್ಟಾದರೂ ಪರೀಕ್ಷೆ ಒಮ್ಮೆಗೆ ಮುಗಿಯುವಂಥದಲ್ಲ. ನಾಯಕನೇ ಲೂಟ್ ಹಂಚುವ ಅಧಿಕಾರವನ್ನು ಕಂಪನಿ 2018ರಲ್ಲಿ ತೆಗೆದುಹಾಕಿತು. 2022ರಲ್ಲಿ ರೇಡ್‌ಗಳಿಗೆ ಗುಂಪಿನ ರೋಲ್ ಪದ್ಧತಿ ಮರಳಿತು. ನಿಯಮ ಹೀಗೆ ಬದಲಾದಾಗಲೆಲ್ಲ, ಹೊಸ ಆವೃತ್ತಿಗಳ ಪ್ರಯೋಗಕ್ಕೆಂದು ಕಂಪನಿ ತೆರೆಯುವ ಸಾರ್ವಜನಿಕ ಪರೀಕ್ಷಾ ಸರ್ವರ್‌ನಲ್ಲಿ ಆಡ್‌ಆನ್‌ನ ಕರ್ತೃಗಳು ಎಲ್ಲವನ್ನೂ ಮೊದಲಿನಿಂದ ಒರೆಗೆ ಹಚ್ಚಬೇಕಾಗುತ್ತದೆ.