ಸೊನ್ನೆಯ ಪಶ್ಚಿಮಯಾತ್ರೆ

ಮಧ್ಯಯುಗವನ್ನು ಅಂಧಕಾರದ ಯುಗವೆಂದು ಕರೆಯುವ ವಾಡಿಕೆಯುಂಟು. ಯುದ್ಧ, ಮತಕಲಹಗಳನ್ನು ಮಾತ್ರ ನೋಡುವವರಿಗೆ ಅದು ಹಾಗೆ ತೋರುವುದು ಸಹಜ. ಆದರೆ ಇಂದು ಜಗತ್ತೆಲ್ಲ ಬಳಸುವ ಹತ್ತು ಅಂಕೆಗಳು ನಾಡಿನಿಂದ ನಾಡಿಗೆ ನಡೆದುಹೋದದ್ದು ಆ ಕಾಲದಲ್ಲಿಯೇ.

ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳಿದನು. ಅಂಕೆಯ ಬೆಲೆಯು ಅದು ನಿಂತ ಸ್ಥಾನದಿಂದ ನಿರ್ಣಯವಾಗುವ ಪದ್ಧತಿಯಲ್ಲಿ ಬರಿದಾದ ಸ್ಥಾನವನ್ನು ಕಾಯುವುದು ಸೊನ್ನೆಯೇ. ಅದಿಲ್ಲದಿದ್ದರೆ 205ಕ್ಕೂ 25ಕ್ಕೂ ಭೇದವಿರದು. ಎಂಟನೆಯ ಶತಮಾನದಲ್ಲಿ ಭಾರತೀಯ ಜ್ಯೋತಿಶ್ಶಾಸ್ತ್ರವು ಬಾಗ್ದಾದಿನ ಖಲೀಫರ ಆಸ್ಥಾನವನ್ನು ಸೇರಿ ಅರಬ್ಬೀ ಭಾಷೆಗೆ ಇಳಿಯಿತು. ಒಂಬತ್ತನೆಯ ಶತಮಾನದಲ್ಲಿ ಅಲ್ ಖ್ವಾರಿಜ್ಮಿಯು ಈ ಗಣನಕ್ರಮವನ್ನು ವಿವರಿಸಿ ಗ್ರಂಥವನ್ನು ರಚಿಸಿ, ಇದು ಭಾರತೀಯರದೆಂದು ಮುಚ್ಚುಮರೆಯಿಲ್ಲದೆ ಹೇಳಿದನು. ‘ಶೂನ್ಯ’ವು ಅರಬ್ಬಿಯಲ್ಲಿ ‘ಸಿಫ್ರ್’ ಆಯಿತು. ಇಂಗ್ಲಿಷಿನ ‘ಜೀರೊ’ ಅದರ ಸಂತತಿ.

ಉತ್ತರ ಆಫ್ರಿಕದ ಬೆಜಾಯಾ ಎಂಬ ರೇವುಪಟ್ಟಣದಲ್ಲಿ ಇದನ್ನು ಕಲಿತ ಪೀಸಾ ನಗರದ ಲಿಯೊನಾರ್ಡೊ ಫಿಬೊನಾಚಿಯು 1202ರಲ್ಲಿ ಲ್ಯಾಟಿನ್ನಿನಲ್ಲಿ ‘ಲಿಬೆರ್ ಅಬಾಚಿ’ಯನ್ನು ಬರೆದನು. ಆದರೆ ಯೂರೋಪು ಇದನ್ನು ಒಮ್ಮೆಗೇ ಒಪ್ಪಲಿಲ್ಲ. 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘವು ಲೆಕ್ಕದ ಪುಸ್ತಕಗಳಲ್ಲಿ ಈ ಅಂಕೆಗಳನ್ನು ನಿಷೇಧಿಸಿತು. ಇವನ್ನು ತಿದ್ದಿ ಮೋಸಗೊಳಿಸುವುದು ಸುಲಭವೆಂಬ ಶಂಕೆಯೇ ಇದಕ್ಕೆ ಕಾರಣವೆಂದು ಇತಿಹಾಸಕಾರರಲ್ಲಿ ಹಲವರ ಅಭಿಪ್ರಾಯ. ಆದರೂ ವ್ಯಾಪಾರಿಗಳಿಗೆ ಒದಗಿಬಂದ ವಿದ್ಯೆಯನ್ನು ನಿಷೇಧವು ತಡೆಯಲಾರದೆ ಹೋಯಿತು.

ಸೊನ್ನೆಯು ನಮ್ಮ ನಾಡಿನ ಕೊಡುಗೆಯೆಂದು ಹೆಮ್ಮೆಪಡುವುದು ಉಚಿತವೇ. ಅದರೊಡನೆ, ಪರರಿಂದ ಕಲಿತು, ಕಲಿತದ್ದು ಯಾರದೆಂದು ಒಪ್ಪಿಕೊಂಡ ಆ ಬಾಗ್ದಾದಿನ ವಿದ್ವಾಂಸನ ಸೌಜನ್ಯವನ್ನೂ ನೆನೆಯುವುದು ನ್ಯಾಯ.