ಆಕಾಶದ ತಕ್ಕಡಿಗೆ ಪ್ರಯೋಗಾಲಯದ ತೂಕದ ಕಲ್ಲು

ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿರುವುದು ಮಕ್ಕಳಿಗೂ ತಿಳಿದ ಸಂಗತಿ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಚಾರ್ಲ್ಸ್ ಕೀಲಿಂಗ್ ಅಳತೆ ಆರಂಭಿಸಿದ 1958ರಲ್ಲಿ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಈ ಅನಿಲದ ಅಣುಗಳು ಸುಮಾರು 315 ಇದ್ದವು; ಇಂದು 420ನ್ನು ದಾಟಿವೆ. ಆದರೆ ಯಾವ ನಾಡು ಎಷ್ಟು ಹೊರಬಿಡುತ್ತಿದೆ, ಯಾವ ಕಾಡು ಎಷ್ಟು ಹೀರುತ್ತಿದೆ ಎಂಬುದನ್ನು ತಿಳಿಯಲು ಭೂಮಂಡಲವನ್ನೆಲ್ಲ ಅಳೆಯಬೇಕು.

ನಾಸಾ ಸಂಸ್ಥೆಯು 2014ರ ಜುಲೈ 2ರಂದು ಹಾರಿಸಿದ ಓಸಿಓ-2 ಉಪಗ್ರಹದ ಕಾರ್ಯ ಇದೇ. 705 ಕಿಲೋಮೀಟರ್ ಎತ್ತರದಿಂದ ಅದು ಗಾಳಿಯನ್ನು ಮುಟ್ಟಲಾರದು. ನೆಲದಿಂದ ಪ್ರತಿಫಲಿಸುವ ಬಿಸಿಲನ್ನು ಕಾಮನಬಿಲ್ಲಿನಂತೆ ಬಿಡಿಸಿ ನೋಡುತ್ತದೆ. ಪ್ರತಿಯೊಂದು ಅನಿಲವೂ ತನ್ನವೇ ಆದ ತರಂಗಾಂತರಗಳ ಬೆಳಕನ್ನು ಹೀರುವುದರಿಂದ ಆ ರೋಹಿತದಲ್ಲಿ ಕಪ್ಪು ಗೆರೆಗಳು ಮೂಡುತ್ತವೆ. ಇಂಗಾಲದ ಡೈಆಕ್ಸೈಡಿನ ಗೆರೆಗಳನ್ನು ಉಪಗ್ರಹವು 1.61 ಮತ್ತು 2.06 ಮೈಕ್ರೋಮೀಟರುಗಳ ಆಸುಪಾಸಿನಲ್ಲಿ ಹುಡುಕುತ್ತದೆ. ಅನಿಲ ಹೆಚ್ಚಾದಷ್ಟೂ ಗೆರೆ ಗಾಢವಾಗುತ್ತದೆ.

ಎಷ್ಟು ಗಾಢವಾದರೆ ಎಷ್ಟು ಅನಿಲ? ಇದಕ್ಕೆ ಉತ್ತರ ಉಪಗ್ರಹದಲ್ಲಿಲ್ಲ, ನೆಲದ ಪ್ರಯೋಗಾಲಯದಲ್ಲಿದೆ. ಅಲ್ಲಿ ಒತ್ತಡ ಮತ್ತು ಉಷ್ಣತೆಗಳನ್ನು ನಿಖರವಾಗಿ ತಿಳಿದ ಅನಿಲವನ್ನು ಕೊಳವೆಯೊಂದರಲ್ಲಿ ತುಂಬುತ್ತಾರೆ. ಅದರ ಎರಡು ತುದಿಗಳ ಕನ್ನಡಿಗಳ ನಡುವೆ ಲೇಸರ್ ಬೆಳಕು ಸಾವಿರಾರು ಬಾರಿ ಓಡಾಡಿ, ಸಣ್ಣ ಕೊಳವೆಯಲ್ಲೇ ಹಲವು ಕಿಲೋಮೀಟರ್ ದೂರ ಸಾಗುತ್ತದೆ. ಬಾರಿಸಿದ ಗಂಟೆಯ ನಾದದಂತೆ ಬೆಳಕು ಮೆಲ್ಲನೆ ಕ್ಷೀಣಿಸುತ್ತದೆ. ಕ್ಷೀಣಿಸಲು ಹಿಡಿದ ಕಾಲವೇ ಅನಿಲವು ಹೀರಿದ ಪ್ರಮಾಣವನ್ನು ತಿಳಿಸುತ್ತದೆ. ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಗೆರೆಗಳು ಅಗಲವಾಗುವುದರಿಂದ, ಬೇರೆ ಬೇರೆ ಒತ್ತಡಗಳಲ್ಲಿಯೂ ಅಳೆಯಬೇಕಾಗುತ್ತದೆ.

ಇಷ್ಟು ಸೂಕ್ಷ್ಮತೆ ಏಕೆ? ಒಂದು ಪ್ರದೇಶಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹಲವೊಮ್ಮೆ ಹತ್ತು ಲಕ್ಷಕ್ಕೆ ಒಂದೆರಡು ಭಾಗ ಮಾತ್ರ. ಪ್ರಯೋಗಾಲಯದ ಅಂಕಿಯಲ್ಲಿ ಶೇಕಡ ಒಂದರಷ್ಟು ತಪ್ಪಿದ್ದರೆ, 400ಕ್ಕೆ 4 ಭಾಗ ಏರುಪೇರಾಗುತ್ತದೆ. ಆ ತಪ್ಪು ಎಲ್ಲೆಡೆಯೂ ಒಂದೇ ಸಮನಾಗಿ ಇರುವುದಿಲ್ಲ; ಬಿಸಿಲಿನ ಓರೆ, ಗಾಳಿಯ ಒತ್ತಡ ಮತ್ತು ಉಷ್ಣತೆಗಳಿಗೆ ತಕ್ಕಂತೆ ಬದಲಾಗುತ್ತದೆ. ಆಗ ಅನಿಲ ಹೀರುವ ಕಾಡೂ ಹೊರಸೂಸುವಂತೆ ಕಾಣಬಹುದು. 2015ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗಣನೆಗಳನ್ನೂ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ಅಳತೆಗಳನ್ನೂ ಜೋಡಿಸಿದ ಅಧ್ಯಯನವು, ಗೆರೆಗಳ ತೀವ್ರತೆಯಲ್ಲಿನ ಅನಿಶ್ಚಿತತೆಯನ್ನು ಶೇಕಡ ಅರ್ಧಕ್ಕಿಂತ ಕೆಳಗಿಳಿಸಿತು.

ತಕ್ಕಡಿ ಎಷ್ಟೇ ನಯವಾಗಿರಲಿ, ತೂಕದ ಕಲ್ಲು ಸರಿಯಿಲ್ಲದಿದ್ದರೆ ತೂಕ ಸುಳ್ಳಾಗುತ್ತದೆ. ರಾಷ್ಟ್ರಗಳ ಲೆಕ್ಕವನ್ನು ಒರೆಹಚ್ಚಬೇಕಾದ ತಕ್ಕಡಿ ಇಂದು ಆಕಾಶದಲ್ಲಿದೆ. ಅದರ ಕಲ್ಲನ್ನು ಸರಿಪಡಿಸುವ ಕೆಲಸ ನೆಲದ ಮೇಲೆ ಸದ್ದಿಲ್ಲದೆ ಸಾಗಿದೆ.